ಹೊತ್ತಿಗೆ ಸರಿಯಾಗಿ ಹೊತ್ತವನು

ಮನುಷ್ಯನಿಗೆ ಒಬ್ಬಳು ಹೆಂಡತಿ, ಒಬ್ಬಳು ಅತ್ತೆ, ಒಂದು ಗಂಟೆ ಇದ್ದರೆ ಸಾಕು. ಇವುಗಳಲ್ಲಿ ಯಾವುದು ಎರಡಾದರೂ ಸಂಸಾರ ಉಳಿಯುವುದಿಲ್ಲ ಎಂಬುದು ವೆಸ್ಲಿ ಟ್ರೆಂಬತ್‌ನ ಖಚಿತ ಅಭಿಪ್ರಾಯ. ಹೆಂಡತಿ ಒಬ್ಬಳೇ ಇದ್ದಳು. ಅತ್ತೆಯೂ ಒಬ್ಬಳೇ (ಕೆಲಸಕ್ಕೆ ಇಬ್ಬರಷ್ಟು). ಎಡವಟ್ಟಾದದ್ದು ಗಂಟೆಯಲ್ಲಿ.

ಮಿಷಿಗನ್ನಿನ ಆ ಮೇಲಿನ ಮೂಲೆಯಲ್ಲಿ ಕಾಲದ ಗಡಿಗೆರೆ ಪೈನ್ ಕಾಡಿನ ನಡುವೆ ಹಾದುಹೋಗುತ್ತದೆ. ಗೆರೆಯ ಈಚೆ, ವೆಸ್ಲಿಯ ಬರ್ಚ್ ಫಾಲ್ಸ್‌ನಲ್ಲಿ ಹತ್ತು ಹೊಡೆದಾಗ, ಗೆರೆಯ ಆಚೆ, ಅವನ ಹೆಂಡತಿ ಕೈಸಾಳ ತವರಾದ ಸಿಲ್ವರ್ ಲ್ಯಾಂಡಿಂಗ್‌ನಲ್ಲಿ ಹನ್ನೊಂದು ಹೊಡೆದಿರುತ್ತದೆ. ಈಚೆಯದು ‘ನಿಧಾನದ ಟೈಮು’, ಆಚೆಯದು ‘ಅವಸರದ ಟೈಮು’. ಮದುವೆಗೆ ಕರೆದರೂ, ಹಲ್ಲು ಕೀಳಲು ಕರೆದರೂ ‘ಎರಡು ಗಂಟೆಗೆ, ಅವಸರದ್ದು’ ಎಂದು ಕೊನೆಗೊಂದು ಬಾಲ ಸೇರಿಸುವುದು ಅಲ್ಲಿಯವರ ಸಭ್ಯತೆ.

ವೆಸ್ಲಿಯ ಮದುವೆಯ ಕರೆಯೋಲೆಯಲ್ಲಿ ಅತ್ತೆ ಹಿಲ್ಮಾ ಆ ಬಾಲವನ್ನು ಸೇರಿಸಲಿಲ್ಲ. ಅವಳ ಪ್ರಕಾರ ಜಗತ್ತಿನಲ್ಲಿ ಇರುವುದು ಒಂದೇ ಟೈಮು, ಅದು ಅವಳದು. ಪರಿಣಾಮವಾಗಿ ವರಮಹಾಶಯರು ನಿಧಾನದ ಟೈಮಿನಲ್ಲಿ ಗಡ್ಡ ಹೆರೆದು, ನಿಧಾನದ ಟೈಮಿನಲ್ಲಿ ಹೂ ಸಿಕ್ಕಿಸಿಕೊಂಡು, ತಮ್ಮ ಮದುವೆಗೇ ಒಂದು ಗಂಟೆ ತಡವಾಗಿ ದಯಮಾಡಿಸಿದರು. ಅಷ್ಟು ಹೊತ್ತು ಜನ ಎದ್ದು ಹೋಗದಂತೆ ಹಿಡಿದಿಟ್ಟವಳು ಹಿಲ್ಮಾಳ ಅಕ್ಕ ಲೆಂಪಿ. ಆರ್ಗನ್ ನುಡಿಸುವವಳ ಬೆನ್ನಿಗೆ ನಿಂತು, "ನುಡಿಸು ತಾಯಿ, ಪುಸ್ತಕದಲ್ಲಿ ಇರೋದನ್ನೆಲ್ಲ ನುಡಿಸು" ಎಂದು ಕ್ರಿಸ್‌ಮಸ್ ಹಾಡನ್ನೂ ಬಿಡದೆ ಅವಳಿಂದ ನುಡಿಸಿಸಿದ್ದಳಂತೆ. ಮದುವೆ ಆದದ್ದು ಜೂನ್‌ನಲ್ಲಿ.

ಆ ದಿನದಿಂದ ಕೈಸಾಳ ತವರುಮನೆಯಲ್ಲಿ ವೆಸ್ಲಿಗೆ ಇದ್ದ ಒಂದೇ ವೋಟು ಲೆಂಪಿ ದೊಡ್ಡಮ್ಮನದು. ಹಿಲ್ಮಾ ಅವನ ಎದುರಿಗೇ, "ಇವನನ್ನ ಸೌನಾ ಹಬೆಸ್ನಾನಕ್ಕೆ ಕರೆದ್ರೆ ಒಲೆ ಆರಿದ ಮೇಲೆ ಬರ್ತಾನೆ" ಎಂದರೆ, ಲೆಂಪಿ, "ಬರ್ತಾನಲ್ಲ, ಅದೇ ದೊಡ್ಡದು. ನಿನ್ನ ಗಂಡ ಮೀನು ಹಿಡೀತೀನಿ ಅಂತ ಹೋದವನು ಬಂದನೇನು?" ಎಂದು ತಂಗಿಯ ಬಾಯಿ ಮುಚ್ಚಿಸುತ್ತಿದ್ದಳು. ಈ ಶರತ್ಕಾಲದಲ್ಲಿ ಹಾಸಿಗೆ ಹಿಡಿದಾಗ ವೆಸ್ಲಿಯ ಕೈಹಿಡಿದು ಹೇಳಿದ್ದಳು: "ನನ್ನ ಪೆಟ್ಟಿಗೆ ಹೊರೋ ಆರು ಜನರಲ್ಲಿ ನೀನೂ ಒಬ್ಬ ಇರಬೇಕು ಮಗಾ. ಸ್ವಲ್ಪ ತಡ ಆದ್ರೂ ಪರವಾಗಿಲ್ಲ. ಆಗ ನನಗೇನೂ ಅವಸರ ಇರಲ್ಲ."

ವೆಸ್ಲಿ ನಕ್ಕು, ಆಮೇಲೆ ಪಿಕಪ್ಪಿನಲ್ಲಿ ಕೂತು ಅತ್ತು, ದೃಢಸಂಕಲ್ಪ ಮಾಡಿದ: ಇದೊಂದಕ್ಕೆ ತಡವಾಗುವುದಿಲ್ಲ.

ಸಂಕಲ್ಪಕ್ಕೆ ಅಡ್ಡ ಬಂದದ್ದು ಅವನ ಕೈಯಲ್ಲೇ ಇದ್ದ ಸ್ಮಾರ್ಟ್‌ವಾಚು. ‘ಇನ್ನಾದರೂ ಮನುಷ್ಯನಾಗು’ ಎಂಬ ಶುಭಾಶಯದೊಂದಿಗೆ ಕೈಸಾ ಕ್ರಿಸ್‌ಮಸ್ಸಿಗೆ ಕೊಟ್ಟದ್ದು. ಎದೆಬಡಿತ ಹೇಳುತ್ತಿತ್ತು, ನಿದ್ದೆಯ ಆಳ ಹೇಳುತ್ತಿತ್ತು, ಕೂತರೆ ಏಳೆನ್ನುತ್ತಿತ್ತು (ಅತ್ತೆಯ ಗುಣಗಳೆಲ್ಲ ಇದ್ದವು). ಗಂಟೆ ಎಷ್ಟೆಂದು ಮಾತ್ರ ಅದಕ್ಕೆ ಖಾತ್ರಿ ಇರಲಿಲ್ಲ. ವೆಸ್ಲಿ ದುಡಿಯುತ್ತಿದ್ದ ಮರದ ಮಿಲ್ಲು ಗುಡ್ಡದ ಮೇಲಿತ್ತು. ಅಲ್ಲಿ ಫೋನಿಗೆ ಗೆರೆಯಾಚೆಯ ಮೊಬೈಲ್ ಗೋಪುರದ ಗಾಳಿ ಸೋಕಿದರೆ ಸಾಕು, ವಾಚು ಟಣ್ಣನೆ ಒಂದು ಗಂಟೆ ಮುಂದೆ ಹಾರುತ್ತಿತ್ತು. ಗುಡ್ಡ ಇಳಿದರೆ ಹಿಂದಕ್ಕೆ. ಹಲಗೆಗೆ ಮುದ್ರೆ ಒತ್ತುತ್ತಿದ್ದವನು ಎಷ್ಟೋ ಸಲ ಊಟದ ಹೊತ್ತೆಂದು ಡಬ್ಬಿ ಬಿಚ್ಚಿ ಮೇಸ್ತ್ರಿಯಿಂದ ಬೈಸಿಕೊಂಡಿದ್ದ.

ಲೆಂಪಿ ದೊಡ್ಡಮ್ಮ ತೀರಿಕೊಂಡ ಸುದ್ದಿ ಬಂತು. ಶನಿವಾರ ಹನ್ನೊಂದಕ್ಕೆ, ಅವಸರದ್ದು, ಸಿಲ್ವರ್ ಲ್ಯಾಂಡಿಂಗ್‌ನ ಚರ್ಚಿನಲ್ಲಿ. ಶುಕ್ರವಾರ ಸಂಜೆ ವೆಸ್ಲಿ ವಾಚಿನ ಹೊಟ್ಟೆಯೊಳಗೆಲ್ಲ ಬೆರಳಾಡಿಸಿ, ತಾನೇ ತಾನಾಗಿ ಟೈಮು ಬದಲಿಸಿಕೊಳ್ಳುವ ಅದರ ಹುಟ್ಟುಗುಣವನ್ನು ಆರಿಸಿದ. ಅವಸರದ ಟೈಮನ್ನು ಕೈಯಾರೆ ಕೂರಿಸಿದ. "ಇನ್ನು ಗೋಪುರ ಅಲ್ಲ, ಅದರಪ್ಪ ಬಂದ್ರೂ ಅಲ್ಲಾಡಲ್ಲ" ಎಂದು ಕೈಸಾಳಿಗೆ ತೋರಿಸಿದ. ಅವಳು ವಾಚನ್ನೂ ಗಂಡನನ್ನೂ ಒಂದೇ ನೋಟದಲ್ಲಿ ಅಳೆದು, "ಹೂಂ" ಎಂದಳು. (ಹೆಂಡತಿಯ ‘ಹೂಂ’ಗೆ ಅರ್ಥ ಹೇಳುವ ಸಾಧನವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.)

ಬೆಳಗ್ಗೆ ಎದ್ದಾಗ ಕೈಸಾ ಹೊರಟುಹೋಗಿದ್ದಳು. ಶವಾಗಾರದಲ್ಲಿ ದೊಡ್ಡಮ್ಮನನ್ನು ಅಣಿಮಾಡಲು ತಾಯಿಯ ಜೊತೆ ಇರಬೇಕಿತ್ತು. ಅಲ್ಲಿಂದ ಪೆಟ್ಟಿಗೆಯ ಜೊತೆಗೇ ಚರ್ಚಿಗೆ ಬರುವವಳಿದ್ದಳು. ವೆಸ್ಲಿ ನಿಧಾನವಾಗಿ ಕಾಫಿ ಹೀರಿ, ಮಣಿಕಟ್ಟಿಗೆ ವಾಚು ಬಿಗಿದು, ಮುಖ ನೋಡಿದ. ಹನ್ನೊಂದಕ್ಕೆ ಅರ್ಧ ಗಂಟೆ ಮಾತ್ರ ಇತ್ತು!

ಫೋನು ನೋಡೋಣವೆಂದರೆ ಅದು ಎರಡು ಗಂಟೆಗಳ ನಡುವೆ ಓಲಾಡುವ ಪ್ರಾಣಿ. ಒಲೆಯ ಮೇಲಿನ ಗಡಿಯಾರ, ಹೋದ ಚಳಿಗಾಲದಲ್ಲಿ ಕರೆಂಟು ಹೋದಾಗಿನಿಂದ ಹನ್ನೆರಡೆಂದು ಮಿಟುಕುತ್ತಲೇ ಇತ್ತು (ಸರಿಮಾಡಬೇಕಾದವನು ಯಾರೆಂದು ಕೇಳಬೇಡಿ). ಒಂದು ಶೂ ಕಾಲಿಗೆ, ಇನ್ನೊಂದು ಶೂ ಕೈಯಲ್ಲಿ, ಹಾರಿ ಪಿಕಪ್ಪು ಹತ್ತಿದ.

ಚರ್ಚಿನ ಮುಂದೆ ಬಂದು ನಿಲ್ಲಿಸಿದಾಗ ಕಪ್ಪು ವಾಹನದ ಬಾಗಿಲು ತೆರೆದಿತ್ತು. ಕಪ್ಪು ಕೋಟಿನ ಐವರು ಪೆಟ್ಟಿಗೆ ಎಳೆದುಕೊಂಡು ನಿಂತಿದ್ದರು. ಐವರೇ! ಒಬ್ಬರ ಮುಖವೂ ಗೊತ್ತಿರಲಿಲ್ಲ. ಆದರೆ ಹೊರುವವರೆಲ್ಲ ಡುಲೂತ್ ಊರಿನ ಕಡೆಯ, ಲೆಂಪಿಯ ಗಂಡನ ಸಂಬಂಧಿಕರು ಎಂದು ಕೈಸಾ ಮೊದಲೇ ಹೇಳಿದ್ದಳು. ವೆಸ್ಲಿ ಓಡಿಹೋಗಿ ಖಾಲಿ ಹಿಡಿಕೆಗೆ ಕೈ ಹಾಕಿದ.

"ಬಂದೆಯಾ ಪುಣ್ಯಾತ್ಮ" ಎಂದ ಮುಂದಿದ್ದ ಮುದುಕ. "ನೀನು ಯಾರೋ ಗೊತ್ತಾಗಲಿಲ್ಲ. ಆ ಡ್ವೇನ್‌ಗೆ ಕಾದು ಕಾದು ಸಾಕಾಯ್ತು."

"ಡ್ವೇನ್ ಬಂದಿಲ್ವಾ ಇನ್ನೂ?" ಎಂದು ವೆಸ್ಲಿ ಕೇಳಿದ. ಡ್ವೇನ್ ಯಾರೆಂದು ಅವನಿಗೆ ತಿಳಿಯದು. ಆದರೆ ಈ ವಂಶದಲ್ಲಿ ತನಗಿಂತ ತಡವಾಗಿ ಬರುವವನೊಬ್ಬ ಇದ್ದಾನೆಂದು ತಿಳಿದು ಹೃದಯ ತುಂಬಿ ಬಂತು. "ಕೆಲವರು ಹಾಗೇನೇ ಬಿಡಿ. ಸಾವಿಗೂ ಮರ್ಯಾದೆ ಕೊಡಲ್ಲ" ಎಂದ, ಅತ್ತೆಯ ಧ್ವನಿಯಲ್ಲಿ.

ಎತ್ತಿದರು. ವೆಸ್ಲಿಯ ಭುಜ ಕೀಲು ಬಿಟ್ಟಂತಾಯಿತು. ಗುಬ್ಬಚ್ಚಿಯಂತಿದ್ದ ದೊಡ್ಡಮ್ಮ! ಸತ್ತವರ ಭಾರ ಬದುಕಿದವರಿಗಿಂತ ಹೆಚ್ಚೆಂದು ಎಲ್ಲೋ ಕೇಳಿದ್ದು ನೆನಪಾಗಿ ಕಣ್ಣಲ್ಲಿ ನೀರು ಬಂತು. ಆಗಲೇ ಮಣಿಕಟ್ಟು ಗುಂಯ್‌ಗುಟ್ಟಿತು: ‘ವ್ಯಾಯಾಮ ಮಾಡುತ್ತಿರುವಂತಿದೆ. ಭೇಷ್!’

ತಲೆ ತಗ್ಗಿಸಿಕೊಂಡೇ ಒಳಗೆ ನಡೆದು, ಪೆಟ್ಟಿಗೆಯನ್ನಿಟ್ಟು, ಉಳಿದ ಐವರ ಜೊತೆ ಮೊದಲ ಸಾಲಿನಲ್ಲಿ ಕೂತ. ಪಾದ್ರಿ ಪ್ರಾರ್ಥನೆ ಮುಗಿಸಿ ಎಲ್ಲರನ್ನೂ ಒಂದು ನಿಮಿಷ ಮೌನವಾಗಿರಲು ಕೇಳಿದರು. ವಾಚು ಅದಕ್ಕೇ ಕಾದಿತ್ತೆಂಬಂತೆ ರಿಂಗಾಯಿತು. ಕೆಂಪು ಗುಂಡಿ ಒತ್ತಲು ಹೋದ ಹೆಬ್ಬೆರಳು ಹಸಿರಿನ ಮೇಲೆ ಬಿತ್ತು.

"ವೆಸ್!" ಎಂದಿತು ಮಣಿಕಟ್ಟು, ಕೈಸಾಳ ಕಂಠದಲ್ಲಿ, ಇಡೀ ಚರ್ಚಿಗೆ ಕೇಳುವಂತೆ. "ಎದ್ದಿದ್ದೀಯೋ ಇನ್ನೂ ಬಿದ್ಕೊಂಡಿದ್ದೀಯೋ?"

"ಮೆತ್ತಗೆ ಕಣೇ!" ವೆಸ್ಲಿ ತೋಳಿನೊಳಗೆ ಬಾಯಿಟ್ಟು ಪಿಸುಗುಟ್ಟಿದ. "ಚರ್ಚಲ್ಲಿದ್ದೀನಿ. ದೊಡ್ಡಮ್ಮನ್ನ ಹೊತ್ಕೊಂಡು ಬಂದು ಪಕ್ಕದಲ್ಲೇ ಕೂತಿದ್ದೀನಿ."



"ದೊಡ್ಡಮ್ಮ ಇಲ್ಲೇ ನನ್ನ ಎದುರಿಗೆ ಇದಾಳೆ, ವೆಸ್. ಅಮ್ಮ ಅವಳ ತಲೆ ಬಾಚ್ತಾ ಇದಾಳೆ. ನೀನು ಯಾರನ್ನೋ ಹೊತ್ತಿದ್ದು?"

ವೆಸ್ಲಿ ಕರೆ ಕತ್ತರಿಸಿ ಮೆಲ್ಲಗೆ ತಲೆ ಎತ್ತಿದ. ಹೂವಿನ ರಾಶಿಯ ಆಚೆ, ಫೋಟೋ ಚೌಕಟ್ಟಿನೊಳಗಿಂದ, ಆನೆಯಂಥ ಗಂಡಸೊಬ್ಬ ಅವನನ್ನೇ ನೋಡುತ್ತಿದ್ದ. ಪೊದೆಮೀಸೆ. ಎರಡು ಕೈಯಲ್ಲಿ ತೊಡೆಯಷ್ಟು ದಪ್ಪದ ಮೀನು. ಕೆಳಗೆ ಹೆಸರು: ಆರ್ವಿಡ್ ಹೌಟಾಲ.

ರಕ್ತ ಹೆಪ್ಪುಗಟ್ಟುವುದೆಂದರೇನೆಂದು ಅವನಿಗೆ ತಿಳಿದದ್ದು ಆಗ. ವಾಚಿಗೂ ತಿಳಿಯಿತು: ‘ನಿಮ್ಮ ಎದೆಬಡಿತ ಅಸಹಜವಾಗಿದೆ. ಕುಳಿತುಕೊಳ್ಳಿ.’ ಕುಳಿತೇ ಇದ್ದ. ಸುತ್ತ ಕುಳಿತವರೆಲ್ಲರ ದವಡೆ ಕೆಳಗೆ ಜಾರಿತ್ತು. ಪಕ್ಕದ ಬೆಂಚಿನಿಂದ ಆರ್ವಿಡ್‌ನ ವಿಧವೆ ಎದ್ದು ಬಂದಳು. ಕಪಾಳಕ್ಕೆ ಬೀಳುತ್ತದೆಂದು ವೆಸ್ಲಿ ಕಣ್ಣು ಮುಚ್ಚಿದ. ಅವಳು ಅವನ ಕೈಹಿಡಿದಳು.

"ಯಾರ ಮನೆ ಮಗನೋ ನೀನು. ನಮ್ಮ ಡ್ವೇನ್‌ಗೆ ಸ್ವಂತ ಚಿಕ್ಕಪ್ಪ, ಅವನು ಬರಲಿಲ್ಲ. ನೀನು ಟೈಮಿಗೆ ಸರಿಯಾಗಿ ಬಂದೆ. ಸ್ಮಶಾನದವರೆಗೂ ಬಂದ್ಬಿಡಪ್ಪ. ಐದೇ ಜನಕ್ಕೆ ಇವರು ಏಳಲ್ಲ."

‘ಟೈಮಿಗೆ ಸರಿಯಾಗಿ’! ಹುಟ್ಟಿದಾರಭ್ಯ ಈ ಮಾತನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಪಾದ್ರಿಯ ಹಿಂದಿನ ಗಡಿಯಾರದಲ್ಲಿ ಹತ್ತು ಗಂಟೆ ದಾಟಿ ಕಾಲು ತಾಸಷ್ಟೇ ಆಗಿತ್ತು. ಲೆಂಪಿಗೆ ಇನ್ನೂ ಹೊತ್ತಿದೆ, ಹೋಗಿ ಬಂದುಬಿಡಬಹುದು ಎಂದುಕೊಂಡ. (ಜೀವಮಾನದ ಎಲ್ಲ ತಡಗಳೂ ಅವನಿಗೆ ಈ ಒಂದೇ ವಾಕ್ಯದಿಂದ ಶುರುವಾಗಿದ್ದವು.)

ಸ್ಮಶಾನ ಸರೋವರದ ಅಂಚಿನಲ್ಲಿತ್ತು. ಮೆರವಣಿಗೆ ಆಮೆಯನ್ನು ನಾಚಿಸುವಂತೆ ಸಾಗಿತು. ಆರ್ವಿಡ್ ಹಿಂದೆ ಸೈನಿಕನಾಗಿದ್ದನಂತೆ. ಬಾವುಟ ಮಡಿಸಿದರು, ಬಿಚ್ಚಿ ಮತ್ತೆ ಮಡಿಸಿದರು, ಕಹಳೆ ಊದಿದರು. ಆಮೇಲೆ ಅವನ ಮೀನುಗಾರ ಗೆಳೆಯರು ಒಬ್ಬೊಬ್ಬರಾಗಿ ಒಂದೊಂದು ಮೀನಿನ ಕಥೆ ಹೇಳಿದರು. ಕಥೆಯಿಂದ ಕಥೆಗೆ ಮೀನು ಬೆಳೆಯುತ್ತ ಹೋಯಿತು. ವೆಸ್ಲಿ ಒಳಗೊಳಗೇ ಬೇಯುತ್ತ ನಿಂತಿದ್ದ.

ಯಾರದೋ ಕಾರಿನಲ್ಲಿ ಚರ್ಚಿಗೆ ಮರಳಿದಾಗ ಹನ್ನೊಂದು ಎಂದೋ ಕಳೆದಿತ್ತು. ಮೆಟ್ಟಿಲು ಹತ್ತುವಾಗ ಕಿವಿಗೆ ಬಿದ್ದದ್ದು ಆರ್ಗನ್. ನುಡಿಯುತ್ತಿದ್ದದ್ದು ಕ್ರಿಸ್‌ಮಸ್ ಹಾಡು.

ಬಾಗಿಲಲ್ಲಿ ಕೈಸಾ ನಿಂತಿದ್ದಳು.

"ಪುಸ್ತಕ ಮುಗೀತಾ ಬಂತು. ಪಾದ್ರಿ ನನ್ನನ್ನ ತಿನ್ನೋ ಹಾಗೆ ನೋಡ್ತಾ ಇದಾರೆ. ನಮ್ಮ ಮದುವೇಲಿ ದೊಡ್ಡಮ್ಮ ನಿನಗೋಸ್ಕರ ಜನರನ್ನ ಕಾಯಿಸಿದ ಹಾಗೇ ನಾನೂ ಕಾಯಿಸಿದೆ. ಎಲ್ಲಿ ಹಾಳಾಗಿ ಹೋಗಿದ್ದೆ?"

"ಕೈಸಾ, ಆಣೆ ಮಾಡಿ ಹೇಳ್ತೀನಿ, ನಾನು ಒಂದು ಗಂಟೆ ಮುಂಚೇನೇ ಬಂದಿದ್ದೆ! ವಾಚು ನಾನೇ ಸರಿಮಾಡಿದ್ದೆ, ನೀನೇ ನೋಡಿದ್ದೆ. ಅದು ಹೇಗೆ ಮತ್ತೊಂದು ಗಂಟೆ ಮುಂದೆ ಓಡ್ತೋ!"

ಕೈಸಾಳ ಮುಖದ ಬಣ್ಣ ಇಳಿಯಿತು.

"ಅಯ್ಯೋ... ಅದು ನಾನು ಕಣೋ. ಬೆಳಗ್ಗೆ ನೀನು ಗೊರಕೆ ಹೊಡೀತಿದ್ದಾಗ. ನೀನು ಹೇಗಿದ್ರೂ ಒಂದು ಗಂಟೆ ತಡ ಮಾಡೋನು, ಒಂದು ಗಂಟೆ ಮುಂದಿಟ್ರೆ ಸರಿಯಾಗಿ ಬರ್ತೀಯ ಅಂತ. ಇವತ್ತೊಂದಿನ ನೀನು ಸರಿಯಾದ ಟೈಮಿಗೆ ಹೊರಡ್ತೀಯ ಅಂತ ನಾನು ಕನಸು ಕಂಡಿದ್ನಾ?"

ವೆಸ್ಲಿ ವಾಚನ್ನು ತೋಳಿನೊಳಕ್ಕೆ ತಳ್ಳಿದ. "ಹೋಗಲಿ, ನನ್ನ ಹಿಡಿಕೆ ಯಾರು ಹಿಡಿದ್ರು?"

"ಯಾರೋ ದೇವರಂಥ ಮನುಷ್ಯ. ಸರಿಯಾಗಿ ಹನ್ನೊಂದಕ್ಕೆ ಓಡಿ ಬಂದ, ‘ತಪ್ಪಾಯ್ತು, ತಪ್ಪಾಯ್ತು’ ಅಂತ ಅಳ್ತಾ ಕೈ ಹಾಕಿದ. ನಾವು ಡುಲೂತ್‌ನವನು ಅಂದ್ಕೊಂಡ್ವಿ. ಡುಲೂತ್‌ನವರು ನಮ್ಮ ಕಡೆಯವನು ಅಂದ್ಕೊಂಡ್ರು."

ವೆಸ್ಲಿ ಒಳಗೆ ಇಣುಕಿದ. ಮೊದಲ ಸಾಲಿನ ತುದಿಯಲ್ಲಿ ಗುಂಗುರುಕೂದಲ ಯುವಕನೊಬ್ಬ ಲೆಂಪಿ ದೊಡ್ಡಮ್ಮನ ನಗುವ ಫೋಟೋವನ್ನು ಭೂತ ಕಂಡವನಂತೆ ದಿಟ್ಟಿಸುತ್ತಿದ್ದ. ಕಾಲು ಎಳೆದುಕೊಂಡು ಹೋಗಿ ಪಕ್ಕದಲ್ಲಿ ಕೂತ ವೆಸ್ಲಿ ಕಿವಿಯಲ್ಲಿ ಕೇಳಿದ: "ಡ್ವೇನ್?"

ಅವನು ಬೆಚ್ಚಿಬಿದ್ದ. "ನಿನಗೆ ಹೇಗೆ ಗೊತ್ತು? ನಾನು ಬರ್ಚ್ ಫಾಲ್ಸ್‌ನವನು, ಗುರು. ಹತ್ತು ಅಂದ್ರೆ ನಮ್ಮ ಹತ್ತು ಅಂದ್ಕೊಂಡೆ, ನಿಧಾನದ್ದು. ಎತ್ತಿದಾಗಲೇ ಅನುಮಾನ ಬಂತು, ಚಿಕ್ಕಪ್ಪ ಇಷ್ಟು ಹಗುರ ಆಗೋದ್ರಾ ಅಂತ. ಈಗ ನೋಡಿದ್ರೆ... ಚಿಕ್ಕಪ್ಪ ಎಲ್ಲಿ?"

"ಮಣ್ಣು ಮಾಡಿ ಬಂದೆ. ಚೆನ್ನಾಗಿ ಆಯ್ತು. ಕಹಳೆ ಊದಿದ್ರು." ವೆಸ್ಲಿ ಭುಜ ನೀವಿಕೊಂಡ. "ಹಗುರ ಏನೂ ಆಗಿರಲಿಲ್ಲ."

ಡ್ವೇನ್ ಮುಖ ಮುಚ್ಚಿಕೊಂಡು ಬಿಕ್ಕಿದ. ಹಿಂದಿನ ಸಾಲಿನಿಂದ ಹಿಲ್ಮಾ ಬಗ್ಗಿ, ಅವನ ಬೆನ್ನು ತಟ್ಟಿ, ಅಳಿಯನ ಕಡೆ ಕೆಂಗಣ್ಣು ಬಿಟ್ಟಳು: "ನೋಡು, ಹೊರಗಿನವನು ಅಳ್ತಾ ಇದಾನೆ."

ಕೊನೆಗೆ ಪೆಟ್ಟಿಗೆ ಹೊರಕ್ಕೆ ಒಯ್ಯುವಾಗ ವೆಸ್ಲಿ ತನ್ನ ಹಿಡಿಕೆಗೆ ಕೈ ಹಾಕಿದ. ಡ್ವೇನ್ ಸರಿಯಲು ನೋಡಿದರೆ ಹಿಲ್ಮಾ ಗದರಿದಳು, "ನೀನು ಬಿಡಬೇಡಪ್ಪಾ, ಇವನನ್ನ ನಂಬೋ ಹಾಗಿಲ್ಲ." ಹೀಗಾಗಿ ಒಂದೇ ಹಿಡಿಕೆಯನ್ನು ಇಬ್ಬರು ಹಿಡಿದು, ಒಬ್ಬರ ಕಾಲು ಒಬ್ಬರು ತುಳಿಯುತ್ತ, ಏಳು ಜನ ಸೇರಿ ಲೆಂಪಿ ದೊಡ್ಡಮ್ಮನನ್ನು ಹೊತ್ತರು. ಅವಳು ನಿಜಕ್ಕೂ ಗುಬ್ಬಚ್ಚಿಯಷ್ಟೇ ಹಗುರವಾಗಿದ್ದಳು. ‘ತಡ ಆಯ್ತು ದೊಡ್ಡಮ್ಮ’ ಎಂದ ವೆಸ್ಲಿ, ಯಾರಿಗೂ ಕೇಳದಂತೆ. ಪೆಟ್ಟಿಗೆಯೊಳಗೆ ಯಾರಿಗೂ ಅವಸರವಿರಲಿಲ್ಲ.

ಊಟ ಚರ್ಚಿನ ನೆಲಮಾಳಿಗೆಯಲ್ಲಿ. ಎರಡೂ ಸಾವಿನ ಮನೆಯವರು ಅಕ್ಕಪಕ್ಕದ ಮೇಜುಗಳಲ್ಲಿ ಕೂತು ಏಲಕ್ಕಿ ಬ್ರೆಡ್ಡನ್ನು ಕಾಫಿಗೆ ಅದ್ದುತ್ತಿದ್ದರು. ಹಿಲ್ಮಾ ಚಮಚೆಯಿಂದ ಬಟ್ಟಲು ಬಡಿದು, ಎಲ್ಲರೂ ಕೇಳುವಂತೆ ಘೋಷಿಸಿದಳು:

"ಈಗಲೇ ಹೇಳಿಡ್ತೀನಿ, ಕೈಸಾ. ನಾನು ಹೋದಾಗ ನನ್ನ ಹೊರೋಕೆ ಆ ಡ್ವೇನ್‌ನ ಕರೆಸು. ಟೈಮು ಅಂದ್ರೆ ಏನು ಅಂತ ಗೊತ್ತಿರೋ ಹುಡುಗ."

ವೆಸ್ಲಿ ಬ್ರೆಡ್ಡು ಕೆಳಗಿಟ್ಟ. ಸಾಕ್ಷಿಗಾಗಿ ಡ್ವೇನ್‌ನ ಕಡೆ ನೋಡಿದ. ಡ್ವೇನ್ ತಲೆ ತಗ್ಗಿಸಿ ಕಾಫಿ ಕುಡಿಯುತ್ತಿದ್ದ. ಪಕ್ಕದ ಮೇಜಿನಿಂದ ಆರ್ವಿಡ್‌ನ ವಿಧವೆ, ವೆಸ್ಲಿಯನ್ನು ಕಣ್ತುಂಬ ನೋಡುತ್ತ, ತನ್ನ ಮಕ್ಕಳಿಗೆ ಪಿಸುಗುಟ್ಟುತ್ತಿದ್ದಳು: "ಅವನ ನಂಬರು ತಗೊಂಡಿಡಿ. ನನಗೂ ಅವನೇ ಬೇಕು."

ಮಣಿಕಟ್ಟು ಗುಂಯ್‌ಗುಟ್ಟಿತು: ‘ಬಹಳ ಹೊತ್ತಿನಿಂದ ಕೂತಿದ್ದೀರಿ. ಏಳುವ ಹೊತ್ತಾಯಿತು!’

ವೆಸ್ಲಿ ಎದ್ದು, ತನ್ನ ತಟ್ಟೆ ತೆಗೆದುಕೊಂಡು, ಪಕ್ಕದ ಮೇಜಿಗೆ ಹೋಗಿ ಕೂತ.