ಮೋಟರ್‌ಮನ್ ಭಾವ ಆಡಿದ ವಿಡಿಯೋ ಗೇಮ್

ನಮ್ಮ ಭಾವನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಲು ನಮ್ಮಕ್ಕ ಇದ್ದಾಳೆ; ಮದುವೆಯಾದ ಮೂರನೆಯ ದಿನದಿಂದ ಆ ಕೆಲಸವನ್ನು ಒಂದು ದಿನವೂ ರಜೆ ಹಾಕದೆ ಮಾಡಿಕೊಂಡು ಬಂದಿದ್ದಾಳೆ. ನಾನು ಹೇಳುವುದು ಇಷ್ಟೇ: ವಿಡಿಯೋ ಗೇಮಿನ ಮೋಟರ್‌ಸೈಕಲ್ ರೇಸಿನಲ್ಲಿ ಬೇಕೆಂದೇ ಬ್ರೇಕು ಹಾಕಿ, ಕೊನೆಯವನಾಗಿ ಬಂದು, ಅದಕ್ಕಾಗಿ ಎದೆಯುಬ್ಬಿಸಿಕೊಂಡು ಕೂತ ಮನುಷ್ಯ ಇಡೀ ಮುಂಬಯಿಯಲ್ಲಿ ಇನ್ನೊಬ್ಬರಿದ್ದರೆ ನನಗೆ ತೋರಿಸಿ!

ಭಾವ ಲೋಕಲ್ ಟ್ರೇನಿನ ಮೋಟರ್‌ಮನ್. ಅರಸೀಕೆರೆಯಿಂದ ಬಂದು ರೈಲ್ವೆ ಸೇರಿದವರು, ಹಾರ್ಬರ್ ಲೈನಿನಲ್ಲಿ ಇಪ್ಪತ್ತು ವರ್ಷದಿಂದ ಗಾಡಿ ಓಡಿಸುತ್ತಿದ್ದರು. ಮನೆಗೆ ಬಂದರೂ ಗಾಡಿಯಿಂದ ಇಳಿಯುತ್ತಿರಲಿಲ್ಲ ಎನ್ನುವುದೇ ತೊಂದರೆ. ಬಚ್ಚಲಿಗೆ ಹೋಗುವಾಗ ಬಾಗಿಲ ಕಡೆ ಬೆರಳು ತೋರಿಸಿ "ಹಸಿರು!" ಎಂದು ಗಟ್ಟಿಯಾಗಿ ಹೇಳಿಯೇ ಒಳಗೆ ಕಾಲಿಡುವುದು. ಒಳಗೆ ಯಾರಾದರೂ ಇದ್ದರೆ "ಕೆಂಪು!" ಎಂದು ಘೋಷಿಸಿ ಅಲ್ಲೇ ಕಂಬದಂತೆ ನಿಲ್ಲುವುದು. ಲೋಕಲ್ ಹೊರಡಬೇಕಾದರೆ ಹಿಂದಿನ ಡಬ್ಬಿಯಲ್ಲಿರುವ ಗಾರ್ಡು ಎರಡು ಸಲ ಗಂಟೆ ಬಾರಿಸಬೇಕಲ್ಲ, ಭಾವ ಊಟದ ತಟ್ಟೆಯ ಮುಂದೆ ಕೂತರೂ ಅದೇ ಕಾನೂನು. ಅಕ್ಕ ಚಮಚದಿಂದ ಲೋಟಕ್ಕೆ ಟಿಣ್ ಟಿಣ್ ಎನ್ನಿಸದ ಹೊರತು ಮೊದಲ ತುತ್ತು ಎತ್ತುತ್ತಿರಲಿಲ್ಲ. ಜಗಳವಾಡಿದ ಒಂದು ದಿನ ಅಕ್ಕ ಬೇಕೆಂದೇ ಒಂದು ಸಲ ಮಾತ್ರ ಬಾರಿಸಿದಳಂತೆ. ಒಂದು ಸಲ ಎಂದರೆ 'ನಿಲ್ಲು' ಎಂದರ್ಥ. ಪುಣ್ಯಾತ್ಮರು ಬಿಸಿಬೇಳೆಭಾತು ತಣ್ಣಗಾಗುವವರೆಗೆ ಅದನ್ನು ನೋಡುತ್ತಲೇ ಕೂತಿದ್ದರಂತೆ!

ಇಂಥವರಿಗೆ ಐವತ್ತೊಂದನೆಯ ವಯಸ್ಸಿನಲ್ಲಿ ಒಂದು ಹೆದರಿಕೆ ಹಿಡಿಯಿತು. ಮೋಟರ್‌ಮನ್‌ಗಳಿಗೆ ಕೆಲವು ವರ್ಷಗಳಿಗೊಮ್ಮೆ ಕಣ್ಣಿನ ಪರೀಕ್ಷೆ. ಅದರಲ್ಲಿ ನಪಾಸಾದರೆ ಸಂಬಳವೇನೋ ಉಳಿಯುತ್ತದೆ, ಯಾವುದೋ ಆಫೀಸಿನಲ್ಲಿ ಮೇಜು ಕುರ್ಚಿ ಸಿಗುತ್ತದೆ. ಆದರೆ ಗಾಡಿ ಮಾತ್ರ ಮತ್ತೆ ಕೈಗೆ ಬರುವುದಿಲ್ಲ. ಭಾವನ ಸರದಿಗೆ ಇನ್ನು ನಾಲ್ಕು ತಿಂಗಳಿತ್ತು. ಈಚೆಗೆ ಅವರಿಗೆ ಪೇಪರು ಓದುವಾಗ ಕಣ್ಣು ಮಂಜಾಗುತ್ತಿತ್ತು.

"ನನ್ನನ್ನ ಫೈಲ್ ಮುಂದೆ ಕೂರಿಸಿದ್ರೆ ಆರು ತಿಂಗಳೂ ಬದುಕಲ್ಲ ಕಣಯ್ಯಾ," ಎಂದರು ನನ್ನ ಹತ್ತಿರ.

ನಾನು ಇನ್ಶೂರೆನ್ಸ್ ಆಫೀಸಿನ ಗುಮಾಸ್ತ, ಹದಿನೆಂಟು ವರ್ಷದಿಂದ ಫೈಲಿನ ಮುಂದೆಯೇ ಕೂತಿರುವವನು. ಭಾವ ಮೈದುನರ ನಡುವೆ ಗೇಲಿಗೆ ಲೈಸೆನ್ಸು ಬೇಕೆ? "ನಾನಿನ್ನೂ ಸತ್ತಿಲ್ವಲ್ಲ ಭಾವ?" ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗ್ಯಾರಂಟಿ ಏನು?" ಎಂದರು.

ಅಂದಿನಿಂದ ಚಿಕಿತ್ಸೆ ಶುರು. ಕಣ್ಣಿಗೆ ಒಳ್ಳೆಯದೆಂದು ಹೊನಗೊನ್ನೆ ಸೊಪ್ಪಿನ ಪಲ್ಯ, ಹೊನಗೊನ್ನೆ ಸೊಪ್ಪಿನ ಹುಳಿ, ಹೊನಗೊನ್ನೆ ಸೊಪ್ಪು ಹಾಕಿದ ಅಕ್ಕಿರೊಟ್ಟಿ. ಅವರ ಕಡೆಯ ಮಾರ್ಕೆಟ್ಟಿನ ಸೊಪ್ಪಿನವಳು ಅಕ್ಕನನ್ನು ಕಂಡರೆ ಎದ್ದು ನಿಲ್ಲತೊಡಗಿದಳು. ಭಾನುವಾರ ನೆತ್ತಿಗೆ ಹರಳೆಣ್ಣೆ, ಅಂಗಾಲಿಗೆ ಹರಳೆಣ್ಣೆ. ಎರಡನೆಯ ಭಾನುವಾರವೇ ಹೊಸಲಿನಲ್ಲಿ ಜಾರಿ ಬಿದ್ದರು. ಕಣ್ಣಿಗೆ ಏನೂ ಆಗಲಿಲ್ಲ, ಸೊಂಟ ಹಿಡಿದುಕೊಂಡಿತು.

ಆ ಸೊಂಟ ಹಿಡಿದುಕೊಂಡು ಚೆಂಬೂರಿನ ನಮ್ಮ ಮನೆಗೆ ಬಂದಾಗಲೇ ಅವರು ವಿಡಿಯೋ ಗೇಮನ್ನು ಕಂಡದ್ದು. ಕ್ಲಾಸಿಗೆ ಮೊದಲಿಗಳಾದರೆ ಕೊಡಿಸುತ್ತೇನೆ ಎಂದು ನಮ್ಮ ಹತ್ತು ವರ್ಷದ ಸಂಧ್ಯಾಳಿಗೆ ನಾನು ಧೈರ್ಯವಾಗಿ ಮಾತು ಕೊಟ್ಟಿದ್ದೆ. ಹದಿನಾಲ್ಕನೆಯ ನಂಬರಿನವಳು ಮೊದಲು ಬರುವುದುಂಟೆ? ಬಂದುಬಿಟ್ಟಳು! ವಿ.ಟಿ. ಸ್ಟೇಷನ್ನಿನ ಎದುರು ಫುಟ್‌ಪಾತಿನಲ್ಲಿ ಫಾರಿನ್ ಮಾಲು ಮಾರುವವನಿಂದ ಆ ಡಬ್ಬಿ ತಂದೆ. ಟಿವಿಗೆ ವೈರು ಸಿಕ್ಕಿಸಿ, ಕ್ಯಾಸೆಟ್ಟಿಗೆ ಉಫ್ ಎಂದು ಊದಿ ಒಳಗೆ ಒತ್ತಿ, ಎರಡು ಗುಂಡಿಯ ರಿಮೋಟು ಹಿಡಿದು ಕೂತರೆ ಆಯಿತು, ಮಗಳು ನಮ್ಮ ಪಾಲಿಗೆ ಇಲ್ಲ.

ಭಾವ ಕಾಲು ಗಂಟೆ ಅವಳ ಹಿಂದೆ ನಿಂತು ನೋಡಿದರು. ಆಮೇಲೆ ನನ್ನ ಭುಜ ಹಿಡಿದು ಅಲುಗಾಡಿಸಿದರು.

"ಚಿಕ್ಕದು ಕಾಣ್ಬೇಕು, ದೂರದಿಂದ ಕಾಣ್ಬೇಕು, ಕಂಡ ತಕ್ಷಣ ಕೈ ಹೋಗ್ಬೇಕು. ನನ್ನ ಕೆಲ್ಸಾನೇ ಅಲ್ವೇನೋ ಇದು! ಕಣ್ಣಿಗೆ ಇದಕ್ಕಿಂತ ವ್ಯಾಯಾಮ ಬೇಕಾ?"

"ಟಿವಿ ನೋಡಿದ್ರೆ ಕಣ್ಣು ಹಾಳಾಗತ್ತೆ ಅಂತ ಊರೆಲ್ಲ ಬಾಯಿ ಬಡ್ಕೊಳ್ತಿದೆ ಅಣ್ಣಾ," ಎಂದಳು ನನ್ನ ಹೆಂಡತಿ.

"ಹತ್ತಿರದಿಂದ ನೋಡಿದ್ರೆ ತಾಯೀ. ಡಾಕ್ಟ್ರು ಪರೀಕ್ಷೆ ಮಾಡೋದು ಆರು ಮೀಟರಿಂದ. ನಾನೂ ಆರು ಮೀಟರಿಂದಲೇ ಆಡ್ತೀನಿ."

ನಮ್ಮ ನಡುಮನೆ ಗೋಡೆಯಿಂದ ಗೋಡೆಗೆ ಮೂರೂವರೆ ಮೀಟರು. ಅದೂ ಬೀರು ಸರಿಸಿದರೆ! ಆದರೆ ಹಿಡಿದ ಹಟ ಬಿಡುವ ಜಾತಿಯೇ ಅಲ್ಲ ಅವರು. ಎಲೆಕ್ಟ್ರಿಶಿಯನ್ನಿಂದ ರಿಮೋಟಿನ ವೈರಿಗೆ ಉದ್ದದ ವೈರು ಜೋಡಿಸಿಕೊಂಡು, ಮನೆಯ ಬಾಗಿಲು ತೆರೆದಿಟ್ಟು, ಹೊರಗೆ ಬಿಲ್ಡಿಂಗಿನ ಪ್ಯಾಸೇಜಿನಲ್ಲಿ ಸ್ಟೂಲು ಹಾಕಿ ಕೂತೇಬಿಟ್ಟರು. ತಮ್ಮ ರಜೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಮೂರು ಗಂಟೆಗಳ ಡ್ಯೂಟಿ. ನೆರೆಹೊರೆಯವರು ತರಕಾರಿ ಚೀಲ ಹಿಡಿದು ವೈರು ದಾಟಿಕೊಂಡು ಓಡಾಡಬೇಕು. ಎದುರು ಮನೆಯ ಮರಾಠಿ ಆಜಿ ಮೊದಲ ದಿನ ಗಾಬರಿಯಾಗಿ, "ಅಹೋ, ಘರಾತೂನ್ ಕಾಢಲಂ ಕಾ ತುಮ್ಹಾಲಾ?" ಎಂದು ಕೇಳಿದರು. ಮನೆಯಿಂದ ಹೊರಗೆ ಹಾಕಿದ್ದಾರೆಂದುಕೊಂಡು ಪಾಪ, ಅವಲಕ್ಕಿ ಒಗ್ಗರಣೆಯ ಒಂದು ತಟ್ಟೆ ಪೋಹೆಯನ್ನೂ ತಂದುಕೊಟ್ಟರು. ಭಾವ ಪೋಹೆ ತಿಂದರು, ತಿದ್ದುಪಡಿ ಮಾಡಲಿಲ್ಲ.

ಮೊದಲನೆಯದು, ಒಬ್ಬ ಗಿಡ್ಡ ಮನುಷ್ಯ ಓಡುತ್ತಾ ಹಳ್ಳ ಗುಂಡಿ ಹಾರುವ ಆಟ. ಭಾವ ಅವನನ್ನು ಮೊದಲ ಗುಂಡಿಯ ಅಂಚಿಗೆ ತಂದು ನಿಲ್ಲಿಸಿದರು. ಹಾರಿಸಲಿಲ್ಲ.

"ಮಾಮಾ, ಜಂಪ್ ಕರಾವ್ ನಾ ಅವನಿಗೆ!" ಎಂದು ತನ್ನ ಹಿಂದಿ ಬೆರೆಸಿದ ಮುಂಬಯಿ ಕನ್ನಡದಲ್ಲಿ ಕಿರುಚಿದಳು ಸಂಧ್ಯಾ.

"ಯಾಕೆ ಹಾರ್ಬೇಕು? ಮೇಲೆ ಬ್ರಿಡ್ಜ್ ಇಲ್ವಾ? ದಿನಾ ನೋಡ್ತೀನಿ ಇಂಥವರನ್ನ. ಬ್ರಿಡ್ಜ್ ಹತ್ತೋಕೆ ಸೋಮಾರಿತನ, ಹಳಿ ಮೇಲೆ ಹಾರೋದು! ನಿಲ್ಲಲಿ ಅಲ್ಲೇ, ಬುದ್ಧಿ ಬರ್ಲಿ."

ಆ ಮನುಷ್ಯನಿಗೆ ಬುದ್ಧಿ ಬರುವ ಮೊದಲು ಟೈಮು ಮುಗಿದು ಸತ್ತ.

ಮೋಟರ್‌ಮನ್‌ಗಳು ಡ್ಯೂಟಿ ಮುಗಿಸುವಾಗ ಗಾಡಿಯಲ್ಲಿ ಕಂಡ ದೋಷಗಳನ್ನು ಒಂದು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕಂತೆ, ಶೆಡ್ಡಿನವರು ಅದನ್ನು ನೋಡಿ ರಿಪೇರಿ ಮಾಡುತ್ತಾರಂತೆ. ಭಾವ ಇನ್ನೂರು ಪುಟದ ನೋಟ್‌ಬುಕ್ ತಂದು ಪ್ರತಿ ಆಟಕ್ಕೂ ದೋಷ ಬರೆಯತೊಡಗಿದರು. ಮೊದಲನೆಯ ಪುಟ ಈಗಲೂ ನನಗೆ ಬಾಯಿಗೆ ಬರುತ್ತದೆ: "ಮಾರ್ಗದುದ್ದಕ್ಕೂ ಗುಂಡಿಗಳು. ಬೇಲಿ ಇಲ್ಲ. ಆಮೆಗಳು ಸಿಗ್ನಲ್ ಇಲ್ಲದೆ ಎದುರು ಬರುತ್ತವೆ. ಆಟಗಾರನ ನಡತೆ ಸರಿಯಿಲ್ಲ." ಕೆಳಗೆ ಸಹಿ. ಸಂಧ್ಯಾ ಶೆಡ್ಡಿನ ಇನ್‌ಚಾರ್ಜ್ ಆಗಿ ಕ್ರೇಯಾನಿನಲ್ಲಿ ಇನ್ನೊಂದು ಸಹಿ ಹಾಕಿದಳು.

ಮೋಟರ್‌ಸೈಕಲ್ ರೇಸಿನ ಕಥೆ ಮೊದಲೇ ಹೇಳಿದೆನಲ್ಲ. ಅದರಲ್ಲಿ ಕೆಂಪು ದೀಪ ಹೋಗಿ ಹಸಿರು ದೀಪ ಬಂದರೆ ಎಲ್ಲ ಗಾಡಿಗಳೂ ಬುರ್ರೆಂದು ಹೋಗುತ್ತವೆ. ಭಾವ ಹೋಗಲಿಲ್ಲ. ಗಂಟೆ ಆಗಿರಲಿಲ್ಲವಲ್ಲ! ಸಂಧ್ಯಾ ಅಡುಗೆಮನೆಗೆ ಓಡಿ ಲೋಟ ತಂದು ಟಿಣ್ ಟಿಣ್ ಎನ್ನಿಸುವಷ್ಟರಲ್ಲಿ ಮಿಕ್ಕವರೆಲ್ಲ ಅರ್ಧ ದಾರಿ ಮುಟ್ಟಿದ್ದರು. ತಿರುವು ಬಂದಲ್ಲೆಲ್ಲ ಭಾವ ವೇಗ ಇಳಿಸಿದರು. ಹಿಂದಿನಿಂದ ಯಾರಾದರೂ ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಮಾಮಾ, ಗಾಡಿ ಭಗಾವ್! ಎಲ್ರೂ ಆಗೆ ನಿಕಲ್ ಗಯೇ, ನೀವೊಬ್ರೇ ಹಿಂದೆ!"

"ಹೋಗ್ಲಿ ಬಿಡೆ. ಅವರ ಹಿಂದೆ ಯಾರೂ ಕೂತಿಲ್ಲ, ಅದಕ್ಕೇ ಹಾರಾಡ್ತಾರೆ."

ಯುದ್ಧದ ಟ್ಯಾಂಕುಗಳ ಆಟಕ್ಕೆ ಇಬ್ಬರು ಬೇಕು. ನಮ್ಮಕ್ಕನನ್ನು ಕೂರಿಸಿದೆವು. ಇಬ್ಬರೂ ಒಂದೇ ಕಡೆ, ಸೇರಿ ಕೋಟೆ ಕಾಯಬೇಕು. ಎರಡೇ ನಿಮಿಷದಲ್ಲಿ ಅಕ್ಕ ಶತ್ರುಗಳನ್ನು ಬಿಟ್ಟು ಭಾವನ ಟ್ಯಾಂಕಿಗೇ ಗುಂಡು ಹಾರಿಸತೊಡಗಿದಳು. "ಏಯ್, ನಾನು ಕಣೇ, ನಿನ್ನ ಗಂಡ!" ಎಂದು ಭಾವ ಪ್ಯಾಸೇಜಿನಿಂದ ಕೂಗಿಕೊಂಡರು. "ಗೊತ್ತು ಕಣ್ರೀ, ಅದಕ್ಕೇ," ಎಂದಳು ಅಕ್ಕ, ಗುಂಡಿ ಬಿಡದೆ. ಆ ದಿನದ ದೋಷ: "ಹಿಂದಿನಿಂದ ಸಹಕಾರ ಇಲ್ಲ."

ಅವರು ಮನಸಾರೆ ಮೆಚ್ಚಿದ್ದು ಒಂದೇ ಆಟವನ್ನು. ಮೇಲಿಂದ ನಾನಾ ಆಕಾರದ ಇಟ್ಟಿಗೆಗಳು ಬೀಳುತ್ತವೆ, ಸಂದಿಲ್ಲದಂತೆ ಜೋಡಿಸಬೇಕು. ಸಾಲು ತುಂಬಿದರೆ ಅಷ್ಟೂ ಮಾಯ. ಭಾವ ಸ್ಟೂಲಿನಿಂದ ಎದ್ದೇ ನಿಂತರು.

"ಇದು ಬೆಳಗಿನ ಒಂಬತ್ತರ ಲೋಕಲ್ ಕಣಯ್ಯಾ! ಆ ಚೌಕ ಇದ್ಯಲ್ಲ, ಅದು ಗುಜರಾತಿ ಸೇಟು. ಈ ಉದ್ದದ್ದು ಕೊಡೆ ಹಿಡಿದವನು, ಮೂಲೆಗೆ ನಿಲ್ಲಿಸು. ಈ ಸೊಟ್ಟಂದು ನೋಡು, ಮೂರು ಜನರ ಸೀಟಲ್ಲಿ 'ಥೋಡಾ ಸರ್ಕೋ' ಅಂತ ಸರಿಸಿ ನಾಲ್ಕನೆಯವನಾಗಿ ಕೂರೋನು. ಆಹಾ! ಸಾಲು ತುಂಬ್ತು, ಕುರ್ಲಾ ಬಂತು, ಎಲ್ಲಾ ಇಳಿದ್ರು!"

ಪ್ಯಾಸೇಜಿನಲ್ಲಿ ನಿಂತಿದ್ದ ಆಜಿ, ಹಾಲಿನವನು, ಮೂರನೆಯ ಮಹಡಿಯವರು ಎಲ್ಲ ಚಪ್ಪಾಳೆ ಹೊಡೆದರು. ಅಂದು ನೋಟ್‌ಬುಕ್ಕಿನಲ್ಲಿ ಬರೆದದ್ದು: "ದೋಷವಿಲ್ಲ. ಮಾಡಿದವನು ಮುಂಬಯಿಯಲ್ಲಿ ಇದ್ದು ಹೋಗಿರಬೇಕು."

ಹೀಗೆ ಎರಡು ತಿಂಗಳು ಕಳೆಯಿತು. ಪರೀಕ್ಷೆ ಹತ್ತಿರವಾದಂತೆ ನಗುತ್ತಿದ್ದ ನನಗೂ ಒಳಗೊಳಗೆ ಕಳವಳ. ಒಂದು ದಿನ ಗುಟ್ಟಾಗಿ, "ಭಾವ, ಆ ಅಕ್ಷರಗಳ ಪಟ್ಟಿ ಎಲ್ಲಾ ಕಡೆ ಒಂದೇ ಥರ ಇರುತ್ತೆ. ಬಾಯಿಪಾಠ ಮಾಡಿಬಿಡಿ," ಎಂದೆ.

ಅವರು ನನ್ನ ಮೇಲೆ ಕೈ ಮಾಡುವುದೊಂದು ಬಾಕಿ. "ಸಿಗ್ನಲ್ಲೂ ಬಾಯಿಪಾಠ ಮಾಡ್ಲೇನೋ?" ಎಂದರು. ಎರಡು ವಾರ ನನ್ನ ಜೊತೆ ಮಾತು ಬಿಟ್ಟರು. ಆಟ ಮಾತ್ರ ಬಿಡಲಿಲ್ಲ, ನಮ್ಮ ಮನೆಗೇ ಬಂದು ನನ್ನೊಬ್ಬನನ್ನು ಬಿಟ್ಟು ಮಿಕ್ಕವರ ಹತ್ತಿರವೆಲ್ಲ ಮಾತಾಡಿ ಹೋಗುತ್ತಿದ್ದರು.

ಆಮೇಲೆ ವಿಮಾನದ ಆಟ ಬಂತು. ಕಪ್ಪು ಆಕಾಶದಲ್ಲಿ ನಮ್ಮ ವಿಮಾನ, ಎರಡೂ ಪಕ್ಕದಿಂದ ಸಣ್ಣ ಸಣ್ಣ ಕೆಂಪು ಗುಂಡುಗಳು. ಎಡಗಡೆಯ ಗುಂಡನ್ನು ಭಾವ ಚೆನ್ನಾಗಿ ತಪ್ಪಿಸಿಕೊಂಡರು. ಬಲಗಡೆಯದು ತಗುಲಿತು.

"ಮಾಮಾ, ರೈಟ್ ಸೈಡ್ ಲಾಲ್ ಬಂತಲ್ಲ, ದೇಖಾ ನಹೀ?"

ಎರಡನೆಯ ಸಲವೂ ಬಲಗಡೆಯದೇ. ಭಾವ ಸ್ಟೂಲನ್ನು ಹೊಸಲಿಗೆ ತಂದರು. ಮೂರನೆಯ ಸಲವೂ ತಗುಲಿತು. ಸ್ಟೂಲು ಬಿಟ್ಟು ಟಿವಿಯ ಮುಂದೆ ನೆಲದ ಮೇಲೆ ಕೂತರು. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಮತ್ತೆ ಶುರು ಮಾಡಿದರು. ಸಂಧ್ಯಾ ನಗುತ್ತಿದ್ದವಳು ನಿಲ್ಲಿಸಿದಳು. ಭಾವ ಗುಂಡಿ ಒತ್ತಲೇ ಇಲ್ಲ, ಸುಮ್ಮನೆ ನೋಡಿದರು. ಬಲದಿಂದ ಗುಂಡು ಬಂತು, ವಿಮಾನ ಒಡೆಯಿತು.

ಎದ್ದು ಸ್ವಿಚ್ಚು ಆರಿಸಿ, ಎರಡು ವಾರದ ಮೇಲೆ ಮೊದಲ ಸಲ ನನ್ನ ಜೊತೆ ಮಾತಾಡಿದರು. "ಬರೋದೇ ಕಾಣ್ಲಿಲ್ಲ ಕಣೋ."

"ಇದು ಆಟ ಭಾವ. ನಮ್ಮ ಟಿವಿ ಹಳೇದು," ಎಂದೆ. ಏನಾದರೂ ಹೇಳಬೇಕಲ್ಲ.

"ಇಲ್ಲಿ ಒಂದು ಸತ್ರೆ ಇನ್ನೊಂದು ವಿಮಾನ ಕೊಡ್ತಾರೆ. ನನ್ನ ಹಿಂದೆ ಒಂಬತ್ತು ಡಬ್ಬಿ ಜನ ಕೂತಿರ್ತಾರಲ್ಲೋ."

ಮಾರನೆಯ ದಿನ ಡ್ಯೂಟಿಗೆ ಹೋದವರು ಗಾಡಿ ಹತ್ತಲಿಲ್ಲ. ಮೇಲಧಿಕಾರಿಯ ಮುಂದೆ ನಿಂತು, ಪರೀಕ್ಷೆಗೆ ಇನ್ನೂ ಸಮಯವಿದ್ದರೂ, ಇವತ್ತೇ ನನ್ನ ಕಣ್ಣು ನೋಡಿಸಿ ಸಾಹೇಬರೇ ಎಂದರಂತೆ. ಬಲಗಣ್ಣಿನ ಪಕ್ಕದ ನೋಟ ಹೋಗಿದೆ, ಮತ್ತೆ ಬರುವುದಿಲ್ಲ ಎಂದರು ಡಾಕ್ಟರು. ಅಕ್ಕ ಫೋನಿನಲ್ಲಿ ಹೇಳುತ್ತಾ ಅತ್ತಳು. ನಾನೂ ಅತ್ತೆ, ಆಫೀಸಿನವರು ಯಾರೋ ತೀರಿಕೊಂಡರೆಂದು ತಿಳಿದು ನನಗೆ ಅರ್ಧ ದಿನ ರಜೆ ಕೊಟ್ಟರು.

ಮುಂದಿನ ತಿಂಗಳು ಭಾವನಿಗೆ ವಿ.ಟಿ.ಯ ಆಫೀಸಿನಲ್ಲಿ ಮೇಜು ಸಿಕ್ಕಿತು. ಮೊದಲ ದಿನ ಅವರನ್ನು ಒಂಟಿಯಾಗಿ ಕಳಿಸಬಾರದೆಂದು ಹಿಂದಿನ ಸಂಜೆಯೇ ನಮ್ಮ ಮನೆಗೆ ಕರೆಸಿಕೊಂಡೆ. ಬೆಳಗ್ಗೆ ಚೆಂಬೂರಿನಲ್ಲಿ ಜೊತೆಯಾಗಿ ಹತ್ತಿದೆವು. ನೂಕುನುಗ್ಗಲಿನಲ್ಲಿ ಅವರಿಗೆ ಎಡಗಡೆ ಕಿಟಕಿಯ ಸೀಟು ಹಿಡಿದುಕೊಟ್ಟೆ. ತಾವೇ ಇಪ್ಪತ್ತು ವರ್ಷ ಓಡಿಸಿದ ದಾರಿಯಲ್ಲಿ ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು ಕೂತ ಮನುಷ್ಯನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ನನ್ನ ಆಫೀಸಿಗೂ ಅದೇ ದಾರಿ; ಎಂದಿನಂತೆ ವಡಾಳಾ ದಾಟುವಷ್ಟರಲ್ಲಿ ಕಣ್ಣು ಮುಚ್ಚಿದೆ.

ಯಾರೋ ಪಕ್ಕೆಗೆ ತಿವಿದರು. ಭಾವ! "ಏಯ್, ಏಳೋ! ಹಡಗು ಕಣೋ!"

ಡಾಕ್‌ಯಾರ್ಡ್ ರೋಡ್ ಸ್ಟೇಷನ್ನು ಎತ್ತರದಲ್ಲಿದೆ. ಮನೆಗಳ ತಲೆಯ ಮೇಲಿಂದ, ಬೆಳಗಿನ ಬಿಸಿಲಿನಲ್ಲಿ, ಬಿಳಿ ಬಣ್ಣದ ಇಡೀ ಹಡಗೊಂದು ನಿಂತಿತ್ತು.

"ಇಲ್ಲಿ ಹಡಗು ಕಾಣುತ್ತೇನೋ? ದಿನಾ ಆರು ಸಲ ಇದೇ ದಾರಿ ಕಣಯ್ಯಾ. ಮುಂದಿನ ಸಿಗ್ನಲ್ ಬಿಟ್ಟು ಒಂದು ದಿನಾನೂ ಈ ಕಡೆ ಕತ್ತು ತಿರುಗಿಸಿಲ್ಲ ನಾನು. ನೀನು ನೋಡಿದ್ದೆಯಾ?"

ನಾನೂ ನೋಡಿರಲಿಲ್ಲ. ಹದಿನೆಂಟು ವರ್ಷ ಈ ಸ್ಟೇಷನ್ನಿನಲ್ಲಿ ನಾನು ಗೊರಕೆ ಹೊಡೆಯುತ್ತಿದ್ದೆ. ಮುಂದೆ ಒಬ್ಬರು ಕತ್ತು ತಿರುಗಿಸದೆ ಕೂತಿದ್ದರಲ್ಲ, ನನಗೇನು ಚಿಂತೆ?

"ಸರಿಯಾಗಿ ಕಾಣ್ತಿದೆಯಾ ಭಾವ?" ಎಂದೆ.

"ಅಷ್ಟು ದೊಡ್ಡದು ಕಾಣದೆ ಇರೋಕೆ ನಾನೇನು ಕುರುಡನೇನೋ?" ಎಂದು ರೇಗಿ, ಕಿಟಕಿಯ ಸರಳಿಗೆ ಹಣೆ ಒತ್ತಿ ನೋಡುತ್ತಲೇ ಕೂತರು. ನನಗೆ ಮಾತ್ರ ಆ ಹೊತ್ತಿನಲ್ಲಿ ಹಡಗು ಸರಿಯಾಗಿ ಕಾಣಿಸುತ್ತಿರಲಿಲ್ಲ.