ಕಸದ ಗಾಡಿಯ ಅಧಿಕೃತ ಸಮಯ

ನಮ್ಮ ನಗರಾಡಳಿತದ ಒಂದು ಗುಣವನ್ನು ಒಪ್ಪಲೇಬೇಕು: ಕಸದ ಗಾಡಿ ಬಾರದ ದಿನವೂ ಅದು ಬಂತೆಂಬ ಮಾಹಿತಿ ತಪ್ಪದೆ ಬರುತ್ತದೆ.

ದೆಹಲಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಮ್ಮದು ಮೂರನೇ ಮಹಡಿ. ಲಿಫ್ಟ್ ಇಲ್ಲ. ನಾನು ಆರೂವರೆಗೆ ಮೆಟ್ರೊ ಹಿಡಿಯುವವನು. ಆಮೇಲೆ ಗಾಡಿ ಬಂತೇನೋ ಎಂದು ಮೊಣಕಾಲು ನೋವಿನ ಅಮ್ಮ ಡಬ್ಬಿ ಹಿಡಿದು ಮೂರು ಸಲ ಇಳಿಯುತ್ತಿದ್ದಳು. ಅವಳು ಒಂದೇ ಸಲ ಇಳಿಯುವಂತಾಗಲಿ ಎಂದು, ಆಡಳಿತವು ಸಾರ್ವಜನಿಕರಿಗೆ ತೆರೆದಿಟ್ಟಿದ್ದ ಮಾಹಿತಿಯಿಂದ ವೇಳಾಪಟ್ಟಿಯ ಆ್ಯಪ್ ಒಂದನ್ನು ನಾನೇ ರಚಿಸಿ, ಕ್ವಾರ್ಟರ್ಸಿನವರಿಗೆಲ್ಲ ಹಂಚಿದೆ. ಪಟ್ಟಿಯ ಅಂಕಣದಲ್ಲಿ ಬರೆದದ್ದು ರಸ್ತೆಯಲ್ಲೂ ನಡೆಯುತ್ತದೆ ಎಂದು ನಂಬುವುದು ಕಂಪ್ಯೂಟರ್ ಪದವೀಧರನ ಮೊದಲ ತಪ್ಪು.

ಮಾರ್ಚ್ ನಾಲ್ಕು

ನಮ್ಮ ಬ್ಲಾಕಿನ ಸಂಖ್ಯೆ 4-3. ಆಡಳಿತದ ಪಟ್ಟಿಯಲ್ಲಿ ಅದರ ಜಾಗದಲ್ಲಿ 'ಮಾರ್ಚ್ 4' ಎಂದಿತ್ತು. ಕಂಪ್ಯೂಟರ್ ಬ್ಲಾಕನ್ನು ದಿನಾಂಕವೆಂದು ತಿಳಿದಿತ್ತು. ಕಚೇರಿಗೆ ಹೋಗಿ ಗುಮಾಸ್ತರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿದರು.

"ಮಾರ್ಚ್ ನಾಲ್ಕಕ್ಕೆ ಗಾಡಿ ಕಳಿಸಿದ್ದೇವೆ ಅಂತ ಇದೆಯಲ್ಲ."

"ಸಾರ್, ಅದು ತಾರೀಖಲ್ಲ. ನಮ್ಮ ಮನೆ."

"ಅದೆಲ್ಲ ಇರಲಿ ಬೇಟಾ. ಆವತ್ತು ನೀವು ಕಸ ಯಾಕೆ ಹಾಕಲಿಲ್ಲ?"

ಗೇಟಿನ ಮುಂದಿನ ಗಾಡಿ

ತಿದ್ದುಪಡಿಯನ್ನು ನಾನೇ ಮಾಡಿಕೊಂಡೆ. ಜಿಪಿಎಸ್ ಮಾಹಿತಿಯ ಪ್ರಕಾರ ಗಾಡಿ ದಿನವೂ ಏಳೂಕಾಲಿಗೆ ಬಂದು, ಒಂದು ಗಂಟೆ ನಮ್ಮ ಗೇಟಿನ ಮುಂದೆಯೇ ನಿಲ್ಲುತ್ತಿತ್ತು. ಆ್ಯಪಿನಲ್ಲಿ ಅದೇ ಸಮಯ ನಮೂದಿಸಿದೆ. ಅಮ್ಮ ಇಳಿದಳು. ಗಾಡಿ ಇರಲಿಲ್ಲ; ಸ್ವಚ್ಛತಾ ಮೇಲ್ವಿಚಾರಕರು ಸ್ಕೂಟರಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

"ಭಯ್ಯಾ, ಗಾಡಿ ಇಲ್ಲೇ ಇದೆ ಅಂತ ಮೊಬೈಲ್ ತೋರಿಸ್ತಿದೆಯಲ್ಲ?"

ಅವರು ಸ್ಕೂಟರಿನ ಡಿಕ್ಕಿ ತೆರೆದು ಜಿಪಿಎಸ್ ಯಂತ್ರವನ್ನು ತೋರಿಸಿದರು. "ಗಾಡಿಯಲ್ಲಿ ಇಟ್ಟರೆ ಕೊಳೆಯಾಗುತ್ತೆ ಆಂಟೀ."

ಚಾಲಕನ ಸಲಹೆ

ಕೊನೆಗೆ ಒಂದು ದಿನ ರಜೆ ಹಾಕಿ ಅಮ್ಮನೊಂದಿಗೆ ಗೇಟಿನ ಬಳಿ ನಿಂತೆ. ಗಾಡಿ ಹನ್ನೊಂದಕ್ಕೆ ಬಂತು. ನಾಳೆ ಎಷ್ಟು ಹೊತ್ತಿಗೆ ಬರುವುದೆಂದು ಚಾಲಕನನ್ನು ಕೇಳಿದೆ. ಆತ ಮೊಬೈಲ್ ತೆಗೆದು ನನ್ನದೇ ಆ್ಯಪ್ ತೆರೆದ.

"ಏಳೂಕಾಲು."

"ಈಗ ಹನ್ನೊಂದಾಗಿದೆ."

"ಅದಕ್ಕೇ ಹೇಳ್ತೀನಿ ಸಾಬ್, ಇದನ್ನ ನಂಬ್ಕೊಂಡು ಇಳೀಬೇಡಿ. ಯಾವನೋ ಓದಿದವನು ಮಾಡಿದ್ದಂತೆ. ಗಾಡೀನ ಒಂದು ದಿನಾನೂ ನೋಡಿದ ಹಾಗಿಲ್ಲ."

ಅಮ್ಮ ಡಬ್ಬಿಯನ್ನು ಅವನ ಕೈಗಿತ್ತು, ತನ್ನ ನಂಬರನ್ನು ಅವನ ಮೊಬೈಲಿಗೆ ಹಾಕಿಸಿದಳು.

"ಅಚ್ಛಾ ಭಯ್ಯಾ, ತಿರುವಿಗೆ ಬಂದಾಗ ಒಂದು ಮಿಸ್ಡ್ ಕಾಲ್ ಕೊಡು. ಒಂದೇ ಸಲ ಇಳೀತೀನಿ. ಆ ಓದಿದವನಿಗೆ ಮನೇಲಿ ನಾನೇ ಹೇಳ್ತೀನಿ."