ತಡವಾದ ವಿಮಾನಗಳೂ ಸಿಕ್ಕಿಬಿದ್ದ ನಾನೂ

ವಿಮಾನ ತಡವಾದದ್ದಕ್ಕೆ ಯಾರೋ ಒಬ್ಬರಿಗೆ ಬಳ್ಳಾರಿಯ ಗ್ರಾಹಕರ ಆಯೋಗದಲ್ಲಿ ಪರಿಹಾರ ಕೊಡಿಸಿದ್ದೇ ನನ್ನ ತಪ್ಪು. ಅಂದಿನಿಂದ ಎಲ್ಲಿ ಯಾವ ವಿಮಾನ ತಡವಾದರೂ ಅದರಲ್ಲಿದ್ದವರು ನೆಟ್ಟಗೆ ನನ್ನ ಮನೆಬಾಗಿಲಿಗೇ ಇಳಿಯುತ್ತಾರೆ. ವಕೀಲಿಕೆ ಶುರುಮಾಡಿ ಇಪ್ಪತ್ತೆರಡು ವರ್ಷವಾಯಿತು, ನನಗೆ ದಣಿವಾಗಿದೆ. ಆದರೆ ಬರುವವರು ಬಿಡಬೇಕಲ್ಲ!

೧

ಸಿರುಗುಪ್ಪದ ಕಡೆ ರಾರಾವಿಯಿಂದ ಒಬ್ಬ ಭತ್ತದ ಯಜಮಾನರು ಬಂದರು. ಕಾಶಿಗೆಂದು ಮೊದಲ ಸಲ ವಿಮಾನ ಹತ್ತಿದವರು. ಹೈದರಾಬಾದಿನಲ್ಲಿ ಐದು ತಾಸು ತಡವಾಗಿತ್ತು.

"ಏನೇನು ತ್ರಾಸ ಆತು, ಹೇಳ್ರಿ," ಎಂದು ಪೆನ್ನು ತೆಗೆದೆ.

"ತ್ರಾಸ ಏನಿಲ್ರಿ. ತಣ್ಣಗ ಗಾಳಿ ಇತ್ತು, ಉಪ್ಪಿಟ್ಟು ಕೊಟ್ರು, ಚೊಲೋ ನಿದ್ದಿ ಮಾಡಿದೆ."

"ಮತ್ತ ತಕರಾರು ಏನ್ರಿ?"

"ಅಷ್ಟು ರೊಕ್ಕ ತಗೊಂಡು ಎರಡ ತಾಸಿಗೆ ಇಳಿಸಿಬಿಟ್ರಲ್ರೀ! ರೈಲಿನಾಗ ಅದರ ಕಾಲುಭಾಗಕ್ಕ ಒಂದೂವರಿ ದಿನ ಕೂಡಿಸ್ತಾರ."

೨

ಕುರುಗೋಡಿನ ನಿವೃತ್ತ ಕನ್ನಡ ಟೀಚರಮ್ಮನಿಗೆ ತಂಗಿ ಮಗಳ ಸೀಮಂತವೇ ತಪ್ಪಿಹೋಗಿತ್ತು. ಕೇಸು ಗಟ್ಟಿಯಾಗಿತ್ತು. ವಿಮಾನದವರು ಕಳಿಸಿದ ಕ್ಷಮಾಪಣೆ ಪತ್ರ ಕೇಳಿದೆ. ಕೊಟ್ಟರು. ಪತ್ರದ ತುಂಬ ಕೆಂಪು ಶಾಯಿ! "ನಿಮಗಾದ ತೊಂದರೆಗೆ ನಾವು ಆಭಾರಿಗಳು" ಎಂಬ ಸಾಲಿನ ಕೆಳಗೆ ಎರಡು ಗೆರೆ, ಮೂಲೆಯಲ್ಲಿ ಹತ್ತಕ್ಕೆ ಎರಡು ಅಂಕ.

"ಅಮ್ಮಾರ, ಇದು ಸಾಕ್ಷಿರೀ, ಹಿಂಗ ತಿದ್ದಿದ್ರ ಹ್ಯಾಂಗ? ಇರ್ಲಿ, ಪರಿಹಾರ ಎಷ್ಟು ಕೇಳೋಣ್ರಿ?"

"ಪರಿಹಾರ ಆಮ್ಯಾಲ ನೋಡೋಣ. ಮೊದಲು ಇದನ್ನ ಹತ್ತು ಸಲ ಬರಕೊಂಡು ಬರಾಕ ಹೇಳ್ರಿ."

೩

ಕೌಲ್ ಬಜಾರಿನ ಮೆಕ್ಯಾನಿಕ್ ಒಬ್ಬರು ಮಗಳನ್ನು ದಿಲ್ಲಿಯ ಕಾಲೇಜಿಗೆ ಸೇರಿಸಲು ಹೊರಟಿದ್ದರು. ವಿಮಾನ ತಡವಾಗಿ ಸೀಟು ಬೇರೆಯವರ ಪಾಲಾಯಿತು, ಹುಡುಗಿಯ ಒಂದು ವರ್ಷವೇ ಹೋಯಿತು. ಪ್ರತಿ ವಾಯಿದೆಗೂ ಆ ತಂದೆ ಗ್ಯಾರೇಜಿಗೆ ಬೀಗ ಹಾಕಿ ಬಂದು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುತ್ತಿದ್ದರು. ಬೆಂಗಳೂರಿನಿಂದ ಬರುತ್ತಿದ್ದ ಕಂಪನಿ ವಕೀಲರದು ಪ್ರತಿ ಸಲ ಒಂದೇ ವಾದ: "ನಾಲ್ಕು ಗಂಟೆ ತಡವಾದರೆ ಯಾರಿಗೂ ಅಂಥ ತೊಂದರೆಯೇನೂ ಆಗುವುದಿಲ್ಲ."

ಕೊನೆಯ ವಾದದ ದಿನ ಆ ವಕೀಲರು ಹೊತ್ತಿಗೆ ಬರಲೇ ಇಲ್ಲ. ಮಧ್ಯಾಹ್ನ ಬೆವರು ಒರೆಸುತ್ತ ಓಡಿಬಂದರು.

"ಯಾಕೆ ತಡ?" ಅಧ್ಯಕ್ಷರು ಕೇಳಿದರು.

"ಕ್ಷಮಿಸಿ ಸ್ವಾಮಿ, ವಿಮಾನ ನಾಲ್ಕು ಗಂಟೆ ತಡ. ಕೇಳಿದರೆ ಹೇಳುವವರಿಲ್ಲ, ಕುಡಿಯಲು ನೀರಿಲ್ಲ. ನರಕ!"

"ಯಾವ ಕಂಪನಿಯದು?"

ವಕೀಲರು ಬಾಯಿ ತೆರೆದರು, ಮುಚ್ಚಿದರು. ಆಮೇಲೆ ಮೆಲ್ಲಗೆ, "ನಮ್ಮದೇ," ಎಂದರು.

ಅಧ್ಯಕ್ಷರು ಅಷ್ಟನ್ನೂ ಬರೆದುಕೊಂಡರು. ತೀರ್ಪು ನಮ್ಮ ಕಡೆ ಬಂತು. ಮೆಕ್ಯಾನಿಕ್ ನನ್ನ ಎರಡೂ ಕೈ ಹಿಡಿದರು.

ಅವರನ್ನು ಕಳಿಸಿ ತಿರುಗಿದರೆ ಕಂಬದ ಮರೆಯಲ್ಲಿ ಕಂಪನಿ ವಕೀಲರು. ಆಚೀಚೆ ನೋಡಿ ಹತ್ತಿರ ಬಂದು ಪಿಸುಗುಟ್ಟಿದರು:

"ಸಾರ್, ಅವತ್ತಿನ ಬೋರ್ಡಿಂಗ್ ಪಾಸು ಜೋಪಾನವಾಗಿ ಇಟ್ಟಿದ್ದೀನಿ. ನನ್ನದೂ ಒಂದು ಕೇಸು ಹಾಕ್ತೀರಾ?"